ಒಪ್ಪಿಗೆ ಕೇಳಲು ಹೋದವನು

10 ನವೆಂಬರ್ 2024, ಭಾನುವಾರ

ಇವತ್ತು ಎರಡು ಕೆಲಸ ಒಟ್ಟಿಗೆ ಬಂದವು. ನಿವೃತ್ತನಾದ ಮೇಲೆ ಯಾರೂ ಕೇಳುವವರಿಲ್ಲ ಎಂದು ಗೊಣಗುತ್ತಿದ್ದವನಿಗೆ ಇದು ಹಬ್ಬವೇ.

ಮೊದಲನೆಯದನ್ನು ತಂದವನು ಗೆಳೆಯ ಚನ್ನಬಸವರಾಜ. ಇಲ್ಲೇ ಬಳ್ಳಾರಿಯ ಪಾರ್ವತಿನಗರದಲ್ಲಿ ಅವನೂ ಅವನಂಥ ನಿವೃತ್ತ ಮೇಷ್ಟರುಗಳೂ ಸೇರಿ ಒಂದು ವಿಚಾರ ವೇದಿಕೆ ನಡೆಸುತ್ತಾರೆ. ಡಿಸೆಂಬರ್ ಹತ್ತು ಮಾನವ ಹಕ್ಕುಗಳ ದಿನ. ಇಸ್ಲಾಂ ಏನು ಹೇಳುತ್ತದೆ, ವಿಶ್ವಸಂಸ್ಥೆಯ ಘೋಷಣೆ ಏನು ಹೇಳುತ್ತದೆ, ಎರಡೂ ಎಲ್ಲೆಲ್ಲಿ ಕೂಡುತ್ತವೆ ಎಂದು ನಾನು ಮಾತಾಡಬೇಕಂತೆ.

"ಮೌಲ್ವಿಗಳನ್ನ ಕರಿಯಪ್ಪ" ಅಂದೆ.

"ಅವರು ಧರ್ಮ ಹೇಳ್ತಾರ, ಲಾಯರ್‌ಗಳು ಕಾನೂನು ಹೇಳ್ತಾರ. ನೀನು ಎರಡೂ ಓದಿದಾಂವ, ಯಾವುದಕ್ಕೂ ಸೇರದಾಂವ. ನೀನ ಬೇಕು" ಅಂದ.

ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ. ಒಪ್ಪಿಕೊಂಡೆ.

ಎರಡನೆಯದು ಸಿರುಗುಪ್ಪದಿಂದ ತಮ್ಮ ಖಾಸಿಂನ ಫೋನು. ಮಗಳು ಮಾಬುನ್ನಿಯ ನಿಕಾಹ್ ಡಿಸೆಂಬರ್ ಎಂಟಕ್ಕೆ ಗೊತ್ತಾಗಿದೆ. ಹುಡುಗ ಕುರುಗೋಡಿನವನು, ದಾದಾಪೀರ್ ಅಂತ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. "ಅಣ್ಣಾ, ವಕೀಲ ನೀನ ಆಗಬೇಕು" ಅಂದ. ಇಲ್ಲಿ ವಕೀಲ ಅಂದರೆ ಕರಿಕೋಟಿನವನಲ್ಲ. ನಿಕಾಹ್ ದಿನ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೆಣ್ಣುಮಕ್ಕಳ ಕಡೆ ಹೋಗಿ, ಮದುಮಗಳ ಒಪ್ಪಿಗೆ ಕೇಳಿ, ಹೊರಗೆ ಬಂದು ಕಾಜಿಯವರಿಗೆ ತಿಳಿಸುವ ಹಿರಿಯ.

ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನಿಗೆ ಇದೇನು ದೊಡ್ಡ ಕೆಲಸವಲ್ಲ. ಯಾರೋ ಹೇಳಿದ್ದನ್ನು ಇನ್ಯಾರದೋ ಮುಂದೆ ಇಡುವುದೇ ನಾನು ಜೀವಮಾನವಿಡೀ ಮಾಡಿದ್ದು. ಅದರಲ್ಲಿ ನನ್ನದೆಂದು ಒಂದು ಮಾತು ಸೇರಿಸಿದವನಲ್ಲ. ರಾಜಾಬಕ್ಷಿ ಬರೆದುಕೊಂಡರೆ ಅದರಲ್ಲಿ ರಾಜಾಬಕ್ಷಿ ಇರುವುದಿಲ್ಲ ಎಂದು ಜಡ್ಜ್ ಸಾಹೇಬರೊಬ್ಬರು ಹೇಳಿದ್ದರು. ಆ ಮಾತು ಇವತ್ತಿಗೂ ನನಗೆ ಹೆಮ್ಮೆ.

14 ನವೆಂಬರ್, ಗುರುವಾರ

ಭಾಷಣ ಸಲೀಸಾಗಿ ಸಾಗಿದೆ. ದುಡಿದವನ ಬೆವರು ಆರುವುದರೊಳಗೆ ಅವನ ಕೂಲಿ ಕೊಡಬೇಕು, ಧರ್ಮದ ವಿಷಯದಲ್ಲಿ ಬಲವಂತ ಕೂಡದು, ಹೆಂಡತಿಯ ಆಸ್ತಿಗೆ ಗಂಡ ಕೈ ಹಾಕುವಂತಿಲ್ಲ. ಇವಕ್ಕೆಲ್ಲ ವಿಶ್ವಸಂಸ್ಥೆಯ ಘೋಷಣೆಯಲ್ಲಿ ಜೋಡಿ ಸಿಕ್ಕಿದೆ. ಜೋಡಿ ಸಿಗದವೂ ಇವೆ. ಅವನ್ನು ಪ್ರಾಮಾಣಿಕವಾಗಿ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಸಭೆಯಲ್ಲಿ ಯಾರಾದರೂ ಕೇಳಿದರೆ ಮಾತ್ರ ಆ ಹಾಳೆ ಹೊರಗೆ.

ನನಗೆ ಬಹಳ ಹಿಡಿಸಿದ್ದು ಮದುವೆಯ ಭಾಗ. ಹೆಣ್ಣು ಗಂಡು ಇಬ್ಬರೂ ಪೂರ್ಣ ಮನಸ್ಸಿನಿಂದ ಒಪ್ಪದೆ ಮದುವೆ ಆಗಕೂಡದು ಎನ್ನುತ್ತದೆ ಘೋಷಣೆಯ ಹದಿನಾರನೇ ಕಲಮು. ನಮ್ಮಲ್ಲಿಯೂ ಅಷ್ಟೇ. ಪ್ರವಾದಿಯವರ ಕಾಲದಲ್ಲಿ ತಂದೆಯೊಬ್ಬ ಮಗಳಿಗೆ ಮನಸ್ಸಿಲ್ಲದ ಮದುವೆ ಮಾಡಿಸಿದ್ದ. ಆಕೆ ಬಂದು ದೂರು ಹೇಳಿದಳು, ಆ ಮದುವೆ ಉಳಿಯಲಿಲ್ಲ. ಇದನ್ನು ಹೆಂಡತಿ ಹುಸೇನಬಿಗೆ ಓದಿ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು.

"ಛಲೋ ಐತಿ. ನನ್ನ ಯಾರು ಕೇಳಿದ್ರು?"

"ನಿಮ್ಮ ಮಾವ ಕೇಳಲಿಲ್ಲೇನು? ನೀನು ಹ್ಞೂಂ ಅಂದಿ ಅಂತ ಹೊರಗ ಬಂದು ಹೇಳಿದ್ರಲ್ಲ."

"ಹ್ಞೂಂ ಅಂದಾಕಿ ನಮ್ಮ ಸಣ್ಣವ್ವ. ನನ್ನ ಬಾಯಾಗ ಲಾಡು ಇತ್ತು."

ನಕ್ಕಳು. ನಾನೂ ನಕ್ಕೆ. ಆಮೇಲೆ ಭಾಷಣಕ್ಕೆ ಮನಸ್ಸು ಹತ್ತಲಿಲ್ಲ.

17 ನವೆಂಬರ್, ಭಾನುವಾರ

ನಿಶ್ಚಯಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ತೆಕ್ಕಲಕೋಟೆ ದಾಟಿದರೆ ರಸ್ತೆಯ ಅರ್ಧ ಭಾಗ ಭತ್ತ ಒಣಗಿಸುವವರದು, ಇನ್ನರ್ಧ ಮಾತ್ರ ಬಸ್ಸಿನದು.

ಖಾಸಿಂ ಖುಷಿಯಲ್ಲಿ, ನೋಡಲು ಹತ್ತು ವರ್ಷ ಚಿಕ್ಕವನಾಗಿದ್ದಾನೆ. ನಾವು ಪಿಂಜಾರರು, ಹತ್ತಿಯ ಕೆಲಸದವರು. ನಾನು ಓದಿ ಕೋರ್ಟಿಗೆ ಸೇರಿದೆ, ಅವನು ಅಪ್ಪನ ಗಾದಿ ಅಂಗಡಿ ಹಿಡಿದ. ಮಾಬುನ್ನಿಗೆ ತಾಯಿ ಇಲ್ಲ. ಗಂಡ ತೀರಿಕೊಂಡು ತವರಿಗೆ ಬಂದ ನಮ್ಮ ತಂಗಿ ಇಮಾಂಬಿಯೇ ಆ ಮಗುವನ್ನು ಸಾಕಿದ್ದು. ಈಗ ಮಗು ಬಿ.ಎಸ್ಸಿ ಮುಗಿಸಿ ಅಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತದೆ. ಕುರುಗೋಡಿನವರು ಬಂದರು, ಸಕ್ಕರೆ ಹಂಚಿದರು, ಹೋದರು. ಎಲ್ಲ ಸಾಂಗವಾಗಿ ನಡೆಯಿತು.

ಬಸ್‌ಸ್ಟ್ಯಾಂಡಿನ ತನಕ ಕಳಿಸಿಬರಲು ಮಾಬುನ್ನಿ ಬಂದಳು. ಆಡಿದ ಮಾತನ್ನು ಆಡಿದಂತೆ ಬರೆಯುತ್ತೇನೆ.

"ದೊಡ್ಡಪ್ಪ, ನನಗ ಈ ಮದುವಿ ಬ್ಯಾಡ್ರಿ."

"ಯಾಕವ್ವ? ಹುಡುಗ ಕುಡೀತಾನೇನು?"

"ಇಲ್ರಿ."

"ಬ್ಯಾರೆ ಯಾರನ್ನಾರ ನೋಡಿಕೊಂಡಿಯೇನು?"

"ಯಾರೂ ಇಲ್ರಿ. ಎಲ್ಲಾರೂ ಇದನ್ನ ಕೇಳ್ತಾರ."

"ಮತ್ತ ಕಾರಣ ಏನು?"

"ಅಂವ ನೋಡಾಕ ಬಂದಾಗ ಎದುರಿಗೆ ಕುಂತು ಮಾತಾಡಿದ್ವಿ. ಕೆಟ್ಟೋನಲ್ಲ. ಇವನ ಕೂಡ ಬಾಳೇವು ಮಾಡಾಕ ನನ್ನಿಂದ ಆಗಂಗಿಲ್ಲ ಅಂತ ಅನಿಸ್ತು. ಅಪ್ಪಗೂ ಹೇಳೀನಿ, ಇಮಾಂಬಿ ಅತ್ತಿಗೂ ಹೇಳೀನಿ. ಅದು ಕಾರಣ ಅಲ್ಲ ಅಂತಾರ."

"ನನಗೂ ಹಂಗ ಅನಿಸ್ತೈತಿ ತಾಯಿ. ಕಾರಣ ಬೇಕಾಗ್ತೈತಿ."

"ಹ್ಞೂಂ ಅಂದಿದ್ರ ಯಾರಾದ್ರೂ ಕಾರಣ ಕೇಳ್ತಿದ್ರೇನ್ರಿ ದೊಡ್ಡಪ್ಪ?"

ಬಸ್ಸು ಬಂತು. ವಿಚಾರ ಮಾಡುತ್ತೇನೆ ಅಂದೆ. ಮದುವೆಯ ಮೊದಲು ಹುಡುಗಿಯರಿಗೆ ಹೆದರಿಕೆ ಸಹಜ. ನಾನು ಮಧ್ಯೆ ಬಾಯಿ ಹಾಕುವುದು ಸರಿಯಲ್ಲ.

18 ನವೆಂಬರ್, ಸೋಮವಾರ

ಬರೆಯುವಂಥದ್ದೇನಿಲ್ಲ. ಭಾಷಣದ ಮದುವೆಯ ಭಾಗ ತಿದ್ದಿದೆ. ಮೊದಲಿದ್ದದ್ದೇ ಚೆನ್ನಾಗಿತ್ತು.

22 ನವೆಂಬರ್, ಶುಕ್ರವಾರ

ಜುಮ್ಮಾ ನಮಾಜು ಮುಗಿದ ಮೇಲೆ ಕಾಜಿ ಸಾಹೇಬರ ಹತ್ತಿರ ಕುಳಿತೆ. ನಮ್ಮ ಮನೆತನದ ನಿಕಾಹ್‌ಗಳನ್ನೆಲ್ಲ ಓದಿಸುವವರು ಅವರೇ. ಸಿರುಗುಪ್ಪಕ್ಕೂ ಬರುವವರಿದ್ದಾರೆ. ಭಾಷಣಕ್ಕೆ ಒಂದು ವಿಷಯ ಸ್ಪಷ್ಟವಾಗಬೇಕಿತ್ತು. ಕನ್ಯೆ ಸುಮ್ಮನಿದ್ದರೂ ಅದನ್ನು ಒಪ್ಪಿಗೆ ಎಂದೇ ತಿಳಿಯಬೇಕೆಂದು ನಮ್ಮಲ್ಲಿ ನಿಯಮವಿದೆ. ಸಭೆಯಲ್ಲಿ ಯಾರಾದರೂ ಇದನ್ನು ಹಿಡಿದು ಕೇಳಿದರೆ ನನ್ನ ಹದಿನಾರನೇ ಕಲಮು ಅಲ್ಲಿಗೇ ಮುಗಿಯಿತು.

"ನಾಚಿಕಿ ಆಗಿ ಹ್ಞೂಂ ಅನ್ನಾಕ ಬರದಂಥ ಕೂಸಿಗೆ ಅದು ರಿಯಾಯಿತಿ, ಸಾಬ್ರ" ಅಂದರು. "ಹುಡುಗಿಗೆ ಕೊಟ್ಟದ್ದು. ಹುಡುಗಿ ಅಪ್ಪಗ ಕೊಟ್ಟದ್ದಲ್ಲ. ದನಿ ತಗದು ಅತ್ರ ಅದು ಒಪ್ಪಿಗಿ ಅಲ್ಲ ಅಂತ ದೊಡ್ಡೋರು ಹೇಳ್ಯಾರ."

"ಮೊದಲ ಬ್ಯಾಡ ಅಂದಿದ್ಲು, ಆಮ್ಯಾಲ ಕೇಳಿದಾಗ ಸುಮ್ಮನ ಕುಂತ್ಲು. ಆವಾಗ?"

"ಬ್ಯಾಡ ಅಂದಾಕಿ ಸುಮ್ಮನ ಆದ್ರ, ಅದು ಸೋತ ಮೌನ. ಅದನ್ನ ಒಪ್ಪಿಗಿ ಅನ್ನಾಕ ನನಗ ಧೈರ್ಯ ಇಲ್ಲ." ನನ್ನ ಮುಖ ನೋಡಿದರು. "ಯಾರ ಮದುವಿ ಮಾತು ಇದು?"

"ಭಾಷಣಕ್ಕ ರೀ" ಅಂದೆ.

ಅದು ಸುಳ್ಳಲ್ಲ. ಭಾಷಣಕ್ಕೂ ಬೇಕಿತ್ತು.

24 ನವೆಂಬರ್, ಭಾನುವಾರ

ಕುರುಗೋಡಿಗೆ ಹೋಗಿ ಬಂದೆ. ಹುಡುಗನ ಮನೆ ಒಮ್ಮೆ ನೋಡಿಬರುತ್ತೇನೆ ಎಂದು ಹುಸೇನಬಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಹುಳುಕು ಹುಡುಕಲು ಹೋಗಿದ್ದೆ. ಒಂದು ಕುಡಿತ, ಒಂದು ಜೂಜು, ಹೋಗಲಿ ಒಂದು ಒರಟು ಮಾತು ಸಿಕ್ಕಿದ್ದರೆ ಅದನ್ನೇ ಖಾಸಿಂನ ಮುಂದೆ ಇಟ್ಟು ಕೈ ತೊಳೆದುಕೊಳ್ಳಬಹುದಿತ್ತು.

ಏನೂ ಸಿಗಲಿಲ್ಲ. ದಾದಾಪೀರ್ ಅಂಗಡಿಯಲ್ಲಿ ಮೋಟಾರು ಬಿಚ್ಚಿಕೊಂಡು ಕುಳಿತಿದ್ದ. ಕೈ ತೊಳೆದು ಬಂದು ಸಲಾಮು ಹೇಳಿದ. ತಾಯಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬಡಿಸಿ, ಬೇಡ ಅಂದರೂ ಎರಡು ಸಲ ಹಾಕಿದರು. ಅವನು ನನ್ನ ಬಲಗಡೆ ನೆಲದ ಮೇಲೆ ಕುಳಿತು, ಸ್ವಲ್ಪ ಸಂಕೋಚದಿಂದ ಕೇಳಿದ.

"ದೊಡ್ಡಪ್ಪ, ಹುಡುಗಿ ಖುಷಿಯಿಂದ ಒಪ್ಪ್ಯಾಳ ಅಂತ ಹೇಳ್ಯಾರ. ಹೌದಲ್ರಿ?"

ನಾನು ರೊಟ್ಟಿ ಮುರಿಯುತ್ತಿದ್ದೆ. "ಅವರ ಅಪ್ಪ ಹೇಳಿದ್ಮ್ಯಾಗ ಆತಲ್ಲ" ಅಂದೆ.

ಅದೇ ಸಾಕೆನ್ನುವಂತೆ ಅವನು ನಕ್ಕ. ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟ. ಒಳ್ಳೆಯ ಹುಡುಗ. ಒಳ್ಳೆಯವನಾಗಿದ್ದೇ ತೊಂದರೆ.

1 ಡಿಸೆಂಬರ್, ಭಾನುವಾರ

ಖಾಸಿಂಗೆ ಫೋನು ಮಾಡಿದೆ. ಬೇರೆ ಮಾತಾಡುತ್ತ, ಹುಡುಗಿಯ ಮನಸ್ಸು ಇನ್ನೊಂದು ಸಲ ಕೇಳಿ ನೋಡಬಾರದೇ ಅಂದೆ.

"ನಿನ್ನ ಕಡೀನೂ ಬಂದಿದ್ಲೇನು?"

"ಬಂದಿದ್ಲು."

"ಅಣ್ಣಾ, ತಾಯಿ ಇಲ್ಲದ ಕೂಸು ಅದು. ಹೋದ ವರ್ಷ ಎದಿ ಹಿಡಕಂಡು ದವಾಖಾನಿಗೆ ಹೋದಾಗ ನನಗ ಸಾಯೋದರ ಚಿಂತಿ ಇರಲಿಲ್ಲ, ಇವಳ ಚಿಂತಿ ಇತ್ತು. ಛಲೋ ಮನಿ ಬಂದೈತಿ. ಏನೂ ಕೇಳಿಲ್ಲ ಅವರು. ಕಾರಣ ಇಲ್ದ ಬ್ಯಾಡ ಅಂದ್ರ ನಾನು ಜನಕ್ಕ ಏನಂತ ಹೇಳ್ಲಿ?"

"ನಮ್ಮ ಧರ್ಮದಾಗೂ—"

"ಭಾಷಣ ಬಳ್ಳಾರ್ಯಾಗ ಮಾಡು. ಸಿರುಗುಪ್ಪಕ್ಕ ಬಂದು ಸುಮ್ಮನ ಸಹಿ ಹಾಕು."

ಫೋನು ಇಟ್ಟ. ನನಗೆ ಸಿಟ್ಟು ಬಂತು. ಅವನು ಅಳುತ್ತಿದ್ದ ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು.

ಹೋಗದೇ ಇದ್ದುಬಿಡಬಹುದು. ಜ್ವರ ಅಂದರಾಯಿತು. ನಾನಿಲ್ಲದಿದ್ದರೆ ಒಪ್ಪಿಗೆ ಕೇಳಲು ಇನ್ನೊಬ್ಬ ಹಿರಿಯ ಹೋಗುತ್ತಾನೆ, ಪರದೆಯ ಈಚೆ ನಿಂತು ಒಂದು ಸಲ ಕೆಮ್ಮುತ್ತಾನೆ, ಇಮಾಂಬಿ ಹ್ಞೂಂ ಅನ್ನುತ್ತಾಳೆ, ಮುಗಿಯಿತು. ಹುಸೇನಬಿಗೆ ಇದನ್ನು ಹೇಳಿದೆ.

"ಜ್ವರ ಬಂದ್ರ ಗುಳಿಗಿ ಕೊಡ್ತೀನಿ, ಹೋಗೋಣು" ಅಂದಳು.

5 ಡಿಸೆಂಬರ್, ಗುರುವಾರ

ಮಾಬುನ್ನಿ ಲ್ಯಾಬಿನಿಂದ ಫೋನು ಮಾಡಿದ್ದಳು. "ದೊಡ್ಡಪ್ಪ, ನೀವು ಕೇಳಾಕ ಬಂದಾಗ ನಾನ ಬಾಯಿ ಬಿಟ್ಟು ಹೇಳ್ತೀನಿ. ನೀವು ಕೇಳಿಸಿಕೊಂಡಿದ್ದನ್ನ ಹೊರಗ ಹೇಳ್ರಿ. ಅಷ್ಟ ಸಾಕು."

ಅಷ್ಟಾದರೆ ನನ್ನಿಂದ ಆಗುತ್ತದೆ. ಅದು ನಾನು ಮಾಡುತ್ತ ಬಂದ ಕೆಲಸವೇ. ಹೊಟ್ಟೆತುಂಬ ಉಂಡೆ.

9 ಡಿಸೆಂಬರ್, ಸೋಮವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಶಾದಿಮಹಲ್ ತುಂಬಿತ್ತು. ಬಿರಿಯಾನಿಯ ದಮ್ಮು ಇನ್ನೂ ಒಡೆದಿರಲಿಲ್ಲ. ದಾದಾಪೀರ್ ಹೂವಿನ ಸೆಹರಾ ಕಟ್ಟಿಕೊಂಡು ಕಾಜಿ ಸಾಹೇಬರ ಎದುರು ಕುಳಿತಿದ್ದ. ಖಾಸಿಂ ನನ್ನ ಭುಜ ಮುಟ್ಟಿ, "ಹೋಗಿ ಬಾ ಅಣ್ಣಾ" ಅಂದ, ಅಷ್ಟೇ. ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಹೋದೆ.

ರೂಢಿಯಂತೆ ಪರದೆಯ ಈಚೆಯೇ ನಿಲ್ಲಬೇಕು. ನಾನು ಪರದೆ ಸರಿಸಿದೆ. ದೊಡ್ಡಪ್ಪನಿಗೆ ಯಾವ ಪರದೆ? ಮಾಬುನ್ನಿ ಕೆಂಪು ಓಢಣಿಯೊಳಗೆ ತಲೆ ಬಗ್ಗಿಸಿ ಕುಳಿತಿದ್ದಳು. ಇಮಾಂಬಿ ಅವಳ ಬೆನ್ನಿಗೆ ಕೈಯಿಟ್ಟು ಹಿಂದೆ ಕುಳಿತಿದ್ದಳು. ಕುರುಗೋಡಿನ ದಾದಾಪೀರ್‌ಗೆ, ಅವನು ನಿನಗೆ ಕೊಡುವ ಇಷ್ಟು ಮೆಹರಿಗೆ, ನಿನ್ನ ನಿಕಾಹ್ ಮಾಡಿಕೊಡಲು ಒಪ್ಪಿಗೆ ಇದೆಯೇ ಎಂದು ಕೇಳಿದೆ.

"ಹ್ಞೂಂ ಅಂದ್ಲು" ಎಂದಳು ಇಮಾಂಬಿ.

ಸಾಕ್ಷಿಗಳು ಹೊರಡಲು ತಿರುಗಿದರು. ನಾನು ಹೊರಡಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಕಟಕಟೆಯಲ್ಲಿ ನಿಂತು ಬರೀ ತಲೆಯಾಡಿಸಿದರೂ ನಾವು ಬರೆದುಕೊಳ್ಳುತ್ತಿರಲಿಲ್ಲ. ಅವನ ಪರವಾಗಿ ಇನ್ನೊಬ್ಬ ಹ್ಞೂಂ ಅಂದರೆ ಬರೆಯುವುದುಂಟೇ?

"ಇಮಾಂಬಿ, ನಿನ್ನ ಕೇಳಿಲ್ಲ ನಾನು" ಅಂದೆ.

ಮತ್ತೆ ಕೇಳಿದೆ. ಮಾಬುನ್ನಿ ತಲೆ ಎತ್ತಿ ನನ್ನನ್ನೇ ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ. ಬಾಯಿ ತೆರೆದಳು. ದನಿ ಬರಲಿಲ್ಲ. ನಾನು ಅವಳ ಎದುರು ನೆಲದ ಮೇಲೆ ಕುಳಿತೆ. ಮೂರನೇ ಸಲ ಕೇಳಿ ಕಾದೆ. ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಅವಳು ಏನೂ ಹೇಳಲಿಲ್ಲ, ಅಳಲೂ ಇಲ್ಲ.

"ಸುಮ್ಮನ ಅದಾಳಂದ್ರ ಒಪ್ಪಿದಂಗ ಆತಲ್ರಿ. ನಡೀರಿ" ಅಂದ ಸಾಕ್ಷಿಗಳಲ್ಲೊಬ್ಬ.

ಹೊರಗೆ ಬಂದೆ. ಅಷ್ಟು ದೂರ ನಡೆಯುವಾಗ ನನ್ನ ಯೋಚನೆ ಏನಿತ್ತು ಎಂದು ನೆನಪಿಲ್ಲ. ಕಾಜಿ ಸಾಹೇಬರು ಪೆನ್ನಿನ ಟೋಪಿ ತೆಗೆದು ಕಾಯುತ್ತಿದ್ದರು.

"ಮೂರು ಸಲ ಕೇಳಿದೆ. ಹುಡುಗಿ ಮಾತಾಡಲಿಲ್ಲ" ಅಂದೆ. ಇಷ್ಟು ಹೇಳಿದರೆ ನನ್ನ ಕೆಲಸ ಮುಗಿಯಿತು. ಕಂಡದ್ದು ಅಷ್ಟೇ.

ಕಾಜಿ ಸಾಹೇಬರು ನನ್ನನ್ನು ದಿಟ್ಟಿಸಿದರು. ಮಸೀದಿಯಲ್ಲಿ ಕೇಳಿದ ಪ್ರಶ್ನೆ ಅವರಿಗೆ ನೆನಪಿರಬೇಕು. "ಇದಕ್ಕೂ ಮೊದಲ ಏನಾದ್ರೂ ಹೇಳಿದ್ಲೇನು?"

ಖಾಸಿಂ ನನ್ನ ಕಡೆ ನೋಡುತ್ತಿದ್ದ. ಹೇಳಬೇಡ ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು. ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವನು ನಾನು.

"ಹೇಳಿದ್ಲು. ಈ ಮದುವಿ ಬ್ಯಾಡ ಅಂದ್ಲು. ನನ್ನ ಮುಂದ ಹೇಳ್ಯಾಳ. ಅವರ ಅಪ್ಪಗೂ ಹೇಳ್ಯಾಳ. ಅಕಿಗೆ ಒಪ್ಪಿಗಿ ಇಲ್ಲ."

ಕಾಜಿ ಸಾಹೇಬರು ಪೆನ್ನು ಮುಚ್ಚಿದರು. ಮಹಲ್‌ನಲ್ಲಿ ಎದ್ದ ಗದ್ದಲವನ್ನು ಬರೆಯುವುದಿಲ್ಲ. ಅದು ಎಲ್ಲ ಕಡೆಯೂ ಒಂದೇ ತರಹ ಇರುತ್ತದೆ. ಖಾಸಿಂ ಬೈಯಲಿಲ್ಲ. ಕುರ್ಚಿಯ ಮೇಲೆ ಕುಳಿತ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬರೆಯಬೇಕಾದ್ದು ಒಂದಿದೆ. ದಾದಾಪೀರ್ ತಾನೇ ಸೆಹರಾ ಬಿಚ್ಚಿಟ್ಟು, ಗಲಾಟೆ ಮಾಡುತ್ತಿದ್ದ ತನ್ನ ಕಡೆಯವರನ್ನು ಹಿಂದಕ್ಕೆ ಸರಿಸಿ, ನನ್ನ ಹತ್ತಿರ ಬಂದ.

"ಕುರುಗೋಡಿಗೆ ಬಂದು ನಮ್ಮನಿಯಾಗ ಉಂಡಾಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಬಾಯಿಬಿಟ್ಟು ಕೇಳಿದ್ನಲ್ರಿ ನಾನು."

ಹೌದು, ಕೇಳಿದ್ದ. ಒಪ್ಪಿಗೆ ಇಬ್ಬರದೂ ಬೇಕು ಎಂದು ಪುಟಗಟ್ಟಲೆ ಬರೆದವನು ನಾನು. ನಿಜ ತಿಳಿಯದೆ ಅವನು ಕೊಡಲಿದ್ದ ಒಪ್ಪಿಗೆ ಎಂಥ ಒಪ್ಪಿಗೆ? ಅವನದೂ ಒಂದು ಹಕ್ಕು ಎಂದು ನನಗೆ ಆ ಗಳಿಗೆಯವರೆಗೆ ಹೊಳೆದಿರಲೇ ಇಲ್ಲ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಅಂದೆ. ಅವನು ತಾಯಿಯನ್ನು ಕರೆದುಕೊಂಡು ಹೋದ.

ಮಾಬುನ್ನಿಯನ್ನು ಬಳ್ಳಾರಿಗೆ ಕರೆತಂದಿದ್ದೇವೆ. ಅವಳ ಬ್ಯಾಗು ತುಂಬಿ ಕೊಟ್ಟವಳು ಇಮಾಂಬಿ. ಬಾಯಲ್ಲಿ ನನ್ನನ್ನು ಶಪಿಸುತ್ತ, ಕೈಯಲ್ಲಿ ಹುಡುಗಿಯ ಬಟ್ಟೆ ಮಡಚುತ್ತಿದ್ದಳು. ಕಾರಿನಲ್ಲಿ ಮಾಬುನ್ನಿ, "ದನೀನ ಬರಲಿಲ್ಲ ದೊಡ್ಡಪ್ಪ, ಕ್ಷಮಾ ಮಾಡ್ರಿ" ಅಂದಳು. ಹುಸೇನಬಿ ಅವಳ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು.

10 ಡಿಸೆಂಬರ್, ಮಂಗಳವಾರ

ಭಾಷಣ ಆಯಿತು. ಕೂಲಿಯ ಬಗ್ಗೆ, ಆಸ್ತಿಯ ಬಗ್ಗೆ, ಬಲವಂತದ ಬಗ್ಗೆ ಮಾತಾಡಿದೆ. ಯಾರೂ ಕೇಳದಿದ್ದರೂ ಜೋಡಿ ಸಿಗದ ಹಾಳೆಯನ್ನೂ ಓದಿದೆ. ಮದುವೆಯ ಭಾಗ ಬಿಟ್ಟೆ. ಓದಲು ಹೋದರೆ ನನ್ನ ಬಗ್ಗೆಯೇ ಹೇಳಿಕೊಂಡಂತೆ ಆಗುತ್ತಿತ್ತು. ಚಪ್ಪಾಳೆ ಸಾಧಾರಣ. ಚಹಾ ಕುಡಿಯುವಾಗ ಚನ್ನಬಸವರಾಜ, "ಯಾಕೋ ಸಣ್ಣದಾತಲ್ಲೋ" ಅಂದ. ಮನೆಯಲ್ಲಿ ನೆಂಟರಿದ್ದಾರೆ ಅಂದೆ.

ಸಿರುಗುಪ್ಪಕ್ಕೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

12 ಡಿಸೆಂಬರ್, ಗುರುವಾರ

ಮಧ್ಯಾಹ್ನ ಖಾಸಿಂ ಬಂದ. ಗಡ್ಡ ಬೆಳೆದಿತ್ತು. ಹುಸೇನಬಿ ಕೊಟ್ಟ ನೀರು ಕುಡಿದ, ನನ್ನ ಕಡೆ ನೋಡಲಿಲ್ಲ. ಇಷ್ಟು ದಿನ ಅವನಿಗೆ ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತೆಲ್ಲ ಒಂದೂ ನೆನಪಿಗೆ ಬರಲಿಲ್ಲ. ತಮ್ಮ ಬಂದನಲ್ಲ ಎಂಬ ಸಂತೋಷ ಮಾತ್ರ ಇತ್ತು.

ಮಾಬುನ್ನಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವನು ಎದ್ದು ನಿಂತ. ಕೈಹಿಡಿದು ಎಳೆದುಕೊಂಡು ಹೋಗುತ್ತಾನೋ ಎಂದು ನಾನೂ ಎದ್ದೆ.

"ಮನಿಗೆ ಬರ್ತೀಯೇನವ್ವ?" ಎಂದು ಕೇಳಿದ.

ಅವಳು ಸುಮ್ಮನಿದ್ದಳು. "ಬರ್ತಾಳ ಬಿಡಪ್ಪ, ಎಲ್ಲಿಗೆ ಹೋದಾಳು" ಎಂದು ನಾನೇ ಹೇಳಲು ಬಾಯಿ ತೆರೆದೆ. ಖಾಸಿಂ ನನ್ನ ಕಡೆ ಅಂಗೈ ತೋರಿಸಿ ತಡೆದ. ಅವಳ ಮುಖವನ್ನೇ ನೋಡುತ್ತ ನಿಂತ. ಬಹಳ ಹೊತ್ತು ನಿಂತ. ಹೊರಗೆ ತರಕಾರಿಯವನು ಕೂಗುತ್ತ ಬಂದು, ಓಣಿ ದಾಟಿ ಹೋದ.

"ಇವತ್ತು ಬ್ಯಾಡಪ್ಪ" ಅಂದಳು ಮಾಬುನ್ನಿ. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು.

ಅವನು ಯಾಕೆಂದು ಕೇಳಲಿಲ್ಲ. "ಆತವ್ವ" ಅಂದ. ಚಪ್ಪಲಿ ಮೆಟ್ಟಿಕೊಂಡು ಮೂರು ಗಂಟೆಯ ಬಸ್ಸಿಗೆ ಹೋದ.